ಅಂಬಾಸಿಡರ್ ಮಾರ್ಕ್ 2: ಬಾನೆಟ್ ಕೆಳಗಿನ ವೈರಿಂಗ್ ಕಲಸುಮೇಲೋಗರ, ಅರ್ಧ ಸಾಮಾನೂ ನಾಪತ್ತೆ

ಹಾಸನ_ಮಾರ್ಕ್2

ನಮಸ್ಕಾರ. ಗಾಡಿ ಅಂಬಾಸಿಡರ್ ಮಾರ್ಕ್ 2, 1489 ಸಿಸಿ ಪೆಟ್ರೋಲ್, ಚಾರ್ಜಿಂಗಿಗೆ ಆಲ್ಟರ್ನೇಟರ್ ಅಲ್ಲ, ಹಳೇ ಡೈನಮೋ ಇರೋದು. ಎಂಜಿನ್ ಸಲೀಸಾಗಿ ತಿರುಗುತ್ತೆ, ನಾಲ್ಕೂ ಸಿಲಿಂಡರಲ್ಲಿ ಕಂಪ್ರೆಷನ್ ಇದೆ. ತಲೆನೋವು ಇರೋದು ಬಾನೆಟ್ ಕೆಳಗೆ.

ಡೈನಮೋ ಚಾರ್ಜಿಂಗನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಡಬ್ಬಿ ಲೂಕಾಸ್ ಕಂಪನಿಯ ಆರ್‌ಬಿ106, ಮುಚ್ಚಳ ಇಲ್ಲ. ಐದು ಟರ್ಮಿನಲ್ ಇದ್ದರೂ ಎ (ಬ್ಯಾಟರಿ), ಡಿ (ಡೈನಮೋ), ಎಫ್ (ಡೈನಮೋದ ಫೀಲ್ಡ್ ಕಾಯಿಲ್) ಮೂರಕ್ಕೆ ಮಾತ್ರ ವೈರ್ ಇದೆ, ಎ1 (ಗಾಡಿಯ ಲೋಡ್) ಮತ್ತು ಇ (ಅರ್ಥ್) ಖಾಲಿ. ಎರಡು ಫ್ಯೂಸಿನ ಬಾಕ್ಸಲ್ಲಿ ಒಂದಕ್ಕೆ ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿದ್ದಾರೆ. ಐದಾರು ಕಡೆ ಮನೆ ವೈರಿಂಗಿನ ಕೆಂಪು ವೈರ್ ತಿರುಚಿ ಟೇಪ್ ಹಾಕಿದ್ದಾರೆ. ಬ್ಯಾಟರಿ ಕೇಬಲ್ ಎರಡೂ ಕಪ್ಪು. ಗಾಡಿಯ ಮೈಗೆ, ಅಂದರೆ ಅರ್ಥಿಗೆ, ಹೋಗೋದು ಪ್ಲಸ್ಸೋ ಮೈನಸ್ಸೋ ಅಂತಲೇ ಗೊತ್ತಾಗ್ತಿಲ್ಲ.

ಇಲ್ಲದ ಸಾಮಾನು: ಇಗ್ನಿಷನ್ ಕಾಯಿಲ್, ವ್ಯಾಕ್ಯೂಮ್ ಪೈಪ್, ಏರ್ ಕ್ಲೀನರ್, ಎಸ್‌ಯು ಕಾರ್ಬ್ಯುರೇಟರಿನ ಡ್ಯಾಂಪರ್ (ಪಿಸ್ಟನ್ ಏರಿಳಿತ ನಿಧಾನಿಸುವ ಕಡ್ಡಿ), ಬ್ಯಾಟರಿ ಹಿಡಿಯುವ ಕ್ಲಾಂಪ್. ಡಿಸ್ಟ್ರಿಬ್ಯೂಟರ್ ಇದೆ, ಆದರೆ ಅದರೊಳಗಿನ ಪಾಯಿಂಟ್ (ಕಾಯಿಲ್ ಕರೆಂಟ್ ಕಡಿದು ಕಿಡಿ ಬರಿಸುವ ಸಣ್ಣ ಸ್ವಿಚ್) ಬಿಡಿಬಿಡಿಯಾಗಿ ಒಂದು ಕವರಲ್ಲಿ ಸಿಕ್ಕಿದೆ.

ಪೂರ್ತಿ ಹೊಸ ಹಾರ್ನೆಸ್ (ವೈರ್ ಕಟ್ಟು) ಹಾಕಬೇಕಾ, ಇರೋದನ್ನೇ ಸರಿ ಮಾಡಬಹುದಾ? ಯಾವುದರಿಂದ ಶುರು ಮಾಡಲಿ? ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೆ ಏನೇನು ನೋಡಿ ತರಬೇಕು?

ತಾಮ್ರತಂತಿ

ಹಾರ್ನೆಸ್ ವಿಚಾರ ಟೇಪ್ ಬಿಚ್ಚಿದ ಮೇಲೆ ತೀರ್ಮಾನಿಸಿ. ಎಂಜಿನ್ ಪಕ್ಕದ ವೈರ್ ಕಾದು ಒಣಗಿರುತ್ತೆ, ಡ್ಯಾಶ್‌ಬೋರ್ಡ್ ಹಿಂದಿನದು ಹೆಚ್ಚಾಗಿ ಚೆನ್ನಾಗೇ ಇರುತ್ತೆ. ವೈರನ್ನು ಬೆರಳಿಗೆ ಸುತ್ತಿ ನೋಡಿ, ಮೇಲಿನ ಕವಚ ಬಿರಿದರೆ ಬಿಸಾಕಿ. ಬಿರಿಯದಿದ್ದರೂ ತುದಿಯಲ್ಲಿ ಒಂದು ಸೆಂಟಿಮೀಟರ್ ಸುಲಿಯಿರಿ. ತಾಮ್ರ ಕಪ್ಪಾಗಿದ್ದರೆ ಇನ್ನೊಂದು ಇಂಚು ಕತ್ತರಿಸಿ ನೋಡಿ. ಅಲ್ಲೂ ಕಪ್ಪೇ ಅಂದರೆ ಆ ವೈರಿನ ಕತೆ ಮುಗೀತು, ಕಪ್ಪು ತಾಮ್ರಕ್ಕೆ ಬೆಸುಗೆಯೂ ಕೂರಲ್ಲ, ಕ್ರಿಂಪೂ (ಟರ್ಮಿನಲ್ ಅಮುಕಿ ಹಿಡಿಸುವುದು) ನಿಲ್ಲಲ್ಲ.

ಕೀಳುವ ಮುಂಚೆ ಪ್ರತಿ ತುದಿಗೂ ಬಟ್ಟೆ ಟೇಪ್ ಅಂಟಿಸಿ ಎಲ್ಲಿಂದ ಬಿಚ್ಚಿದ್ದು ಅಂತ ಬರೆಯಿರಿ. ಫೋಟೋ ಒಂದನ್ನೇ ನಂಬಬೇಡಿ. ಹಳೇ ವೈರಲ್ಲಿ ಬ್ರೌನ್, ನೇರಳೆ, ಕೆಂಪು ಮೂರೂ ಫೋಟೋದಲ್ಲಿ ಒಂದೇ ಥರ ಕಾಣುತ್ತೆ. ಕವಚ ಮಾಸಿದ್ದರೆ ಕನೆಕ್ಟರ್ ಒಳಗೆ ಅಡಗಿದ್ದ ತುದಿ ನೋಡಿ, ಅಲ್ಲಿ ಬಣ್ಣ ಉಳಿದಿರುತ್ತೆ.

ಲೂಕಾಸ್ ಬಣ್ಣಗಳ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಸರ್ಕ್ಯೂಟ್ ಹಾಳೆ ಇಲ್ಲದೆಯೂ ಮುಕ್ಕಾಲು ಕೆಲಸ ಆಗುತ್ತೆ. ಬ್ರೌನ್ ಅಂದರೆ ಬ್ಯಾಟರಿಯಿಂದ ನೇರ ಬಂದದ್ದು, ಕೀ ತೆಗೆದರೂ ಕರೆಂಟ್ ಇರುತ್ತೆ, ಫ್ಯೂಸ್ ಇರಲ್ಲ. ಇಡೀ ಗಾಡಿಯಲ್ಲಿ ಹೆದರಬೇಕಾದದ್ದು ಇದಕ್ಕೇ. ಬಿಳಿ ಅಂದರೆ ಕೀ ಹಾಕಿದ ಮೇಲೆ ಬರುವುದು, ಇದಕ್ಕೂ ಫ್ಯೂಸ್ ಇಲ್ಲ, ಕಾಯಿಲ್‌ಗೆ ಹೋಗೋದು ಇದೇ. ಆ ಬಿಳಿ ಫ್ಯೂಸ್ ದಾಟಿದರೆ ಹಸಿರಾಗುತ್ತೆ: ವೈಪರ್, ಬ್ರೇಕ್ ಲೈಟ್, ಇಂಡಿಕೇಟರ್, ಪೆಟ್ರೋಲ್ ಮೀಟರ್. ನೇರಳೆ ಅಂದರೆ ಬ್ರೌನ್ ಫ್ಯೂಸ್ ದಾಟಿ ಬಂದದ್ದು, ಮುಖ್ಯವಾಗಿ ಹಾರ್ನ್. ನೀಲಿ ಹೆಡ್‌ಲೈಟಿಗೆ, ಅದರಲ್ಲಿ ಬಿಳಿ ಗೆರೆ ಇದ್ದರೆ ಹೈ ಬೀಮ್, ಕೆಂಪು ಗೆರೆ ಇದ್ದರೆ ಡಿಪ್. ಬರೀ ಕೆಂಪು ಪಾರ್ಕಿಂಗ್ ಮತ್ತು ಹಿಂದಿನ ಲೈಟಿಗೆ. ಹಸಿರಿಗೆ ಕೆಂಪು ಗೆರೆ ಎಡ ಇಂಡಿಕೇಟರ್, ಬಿಳಿ ಗೆರೆ ಬಲ. ಕಪ್ಪು ಅರ್ಥ್. ಡೈನಮೋದಿಂದ ಬರುವ ದಪ್ಪ ಹಳದಿ ಡಿ, ಹಳದಿಗೆ ಹಸಿರು ಗೆರೆ ಇದ್ದರೆ ಎಫ್. ಇಷ್ಟೆಲ್ಲ ಹೇಳಿದರೂ, ಇಲ್ಲೇ ಕಟ್ಟಿದ ಹಾರ್ನೆಸ್ಸಲ್ಲಿ ಸಿಕ್ಕ ಬಣ್ಣ ಹಾಕಿರುತ್ತಾರೆ. ಬಣ್ಣ ಸುಳಿವು ಅಷ್ಟೇ, ಪ್ರತಿ ವೈರನ್ನೂ ಮೀಟರಿನ ಬೀಪ್‌ನಲ್ಲಿ ಎರಡೂ ತುದಿ ಹಿಡಿದು ಖಚಿತ ಮಾಡಿಕೊಳ್ಳಿ.

ಖಾಲಿ ಇರುವ ಎರಡು ಟರ್ಮಿನಲ್ಲೇ ನಿಮ್ಮ ಅರ್ಧ ಸಮಸ್ಯೆ. ಎ1ರಿಂದ ಗಾಡಿಯ ಲೋಡ್ ಹೊರಡಬೇಕು, ಲೈಟ್ ಸ್ವಿಚ್ ಮತ್ತು ಇಗ್ನಿಷನ್ ಸ್ವಿಚ್, ವೈರ್ ಬ್ರೌನ್‌ಗೆ ನೀಲಿ ಗೆರೆ. ಅದನ್ನು ತಂದು ಎ ಟರ್ಮಿನಲ್ಲಿಗೆ ಸೇರಿಸಿದ್ದಾರೆ ಅನ್ನಿಸುತ್ತೆ. ಹಾಗೆ ಮಾಡಿದರೆ ಎಷ್ಟು ಲೋಡ್ ಓಡ್ತಿದೆ ಅನ್ನೋದು ರೆಗ್ಯುಲೇಟರಿಗೆ ತಿಳಿಯಲ್ಲ, ಲೈಟ್ ಹಾಕಿದಾಗ ಚಾರ್ಜಿಂಗ್ ಲೆಕ್ಕ ತಪ್ಪುತ್ತೆ. ಇ ಟರ್ಮಿನಲ್ ಅದಕ್ಕಿಂತ ಮುಖ್ಯ. ಒಳಗಿನ ಎರಡೂ ವೋಲ್ಟೇಜ್ ಕಾಯಿಲ್ ಅರ್ಥ್ ಆಗೋದು ಅದರ ಮೂಲಕ. ಅದಿಲ್ಲದಿದ್ದರೆ ಡೈನಮೋವನ್ನು ಬ್ಯಾಟರಿಗೆ ಸೇರಿಸುವ ಕಟೌಟ್ ಸ್ವಿಚ್ ಮುಚ್ಚಿಕೊಳ್ಳಲ್ಲ, ಬ್ಯಾಟರಿಗೆ ಚಾರ್ಜ್ ಹೋಗಲ್ಲ, ಅತ್ತ ಡೈನಮೋ ವೋಲ್ಟೇಜಿಗೆ ಲಗಾಮೂ ಇರಲ್ಲ. ಆಕ್ಸಿಲರೇಟರ್ ಕೊಟ್ಟಷ್ಟೂ ಕೆಂಪು ವಾರ್ನಿಂಗ್ ಲೈಟ್ ಪ್ರಖರ ಆಗ್ತಾ ಹೋಗೋದು ಇದರ ಗುರುತು. ಡಬ್ಬಿಯ ಬೋಲ್ಟನ್ನು ನಂಬದೆ ಗಾಡಿಯ ಮೈಗೆ ಪ್ರತ್ಯೇಕ ಕಪ್ಪು ವೈರ್ ಎಳೆಯಿರಿ.

ವೈರ್ ದಪ್ಪ: ಬ್ರೌನ್ ಮತ್ತು ಡಿ ವೈರಿಗೆ 4 ಸ್ಕ್ವೇರ್ ಎಂಎಂ, ಹೆಡ್‌ಲೈಟಿಗೆ 2.5, ಮಿಕ್ಕಿದ್ದಕ್ಕೆ 1 ಅಥವಾ 1.5. ಆಟೋ ಕೇಬಲ್ ಅಂತಲೇ ಕೇಳಿ ತನ್ನಿ. ಮನೆ ವೈರಿನ ಎಳೆ ದಪ್ಪ, ಎಂಜಿನ್ ನಡುಕಕ್ಕೆ ಟರ್ಮಿನಲ್ ಬುಡದಲ್ಲೇ ಒಂದೊಂದಾಗಿ ಮುರಿಯುತ್ತೆ. ಬೆಸುಗೆ ಹಾಕಿದ ಜಾಯಿಂಟಿಗೂ ಅದೇ ಗತಿ, ಸೀಸ ಹರಿದು ಗಟ್ಟಿಯಾದ ಜಾಗದ ಪಕ್ಕದಲ್ಲೇ ಮುರಿತ. ಒಳ್ಳೇ ಕ್ರಿಂಪ್, ಮೇಲೊಂದು ಹೀಟ್ ಶ್ರಿಂಕ್ ಸಾಕು. ಫೈರ್‌ವಾಲ್ ತೂತುಗಳಿಗೆ ರಬ್ಬರ್ ಗ್ರೋಮೆಟ್ ಕಡ್ಡಾಯ. ಫ್ಯೂಸ್ ಇಲ್ಲದ ಬ್ರೌನ್ ವೈರ್ ತಗಡಿನ ಅಂಚಿಗೆ ಉಜ್ಜಿದರೆ ಬೆಂಕಿಯೇ.

ಫ್ಯೂಸಲ್ಲಿ ಒಂದು ಮೋಸ ಇದೆ. ಲೂಕಾಸ್ ಗಾಜಿನ ಫ್ಯೂಸ್ ಮೇಲೆ 35 ಆಂಪ್ ಅಂತ ಇರೋದು ಅದು ಸುಡುವ ಅಂಕಿ. ನಿರಂತರ ತಡೆಯೋದು 17 ಆಂಪ್ ಅಷ್ಟೇ. ಈಗ ಅಂಗಡಿಯಲ್ಲಿ ಕೊಡುವ 35 ಆಂಪ್ ಫ್ಯೂಸ್ ನಿರಂತರ 35 ತಡೆಯುತ್ತೆ, ಅಂದರೆ ಫ್ಯೂಸಿಗಿಂತ ಮೊದಲು ವೈರ್ ಸುಡುತ್ತೆ. 15 ಆಂಪಿನದು ಹಾಕಿ.

ಎಲ್ಲ ಜೋಡಿಸಿದ ಮೇಲೆ ಬ್ಯಾಟರಿಯನ್ನು ನೇರ ಕೊಡಬೇಡಿ. ಇಂಡಿಕೇಟರಿನ 21 ವಾಟ್ ಬಲ್ಬ್ ಒಂದನ್ನು ಬ್ಯಾಟರಿಯ ಲೈವ್ ತುದಿಗೂ ಕೇಬಲ್ಲಿಗೂ ಮಧ್ಯೆ ಸೇರಿಸಿ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತೆ, ವೈರ್ ಬಚಾವ್, 2 ಆಂಪ್ ದಾಟಲ್ಲ. ಕೀ ಆಫ್ ಇದ್ದಾಗ ಬಲ್ಬ್ ಉರಿಯಲೇಬಾರದು. ಕೀ ಹಾಕಿದಾಗ ಮಂಕಾಗಿ ಉರಿದರೆ ಗಾಬರಿಯಾಗಬೇಡಿ, ಪಾಯಿಂಟ್ ಮುಚ್ಚಿದ್ದು ಕಾಯಿಲ್ ಕರೆಂಟ್ ಎಳೀತಿರಬಹುದು. ಪಾಯಿಂಟ್ ಮಧ್ಯೆ ಕಾಗದ ತೂರಿಸಿ, ನಂದಿದರೆ ಸರಿ. ಆಮೇಲೆ ಒಂದೊಂದೇ ಸ್ವಿಚ್ ಹಾಕಿ ನೋಡ್ತಾ ಹೋಗಿ. ಈ ಬಲ್ಬ್ ಇರುವಾಗ ಸ್ಟಾರ್ಟರ್ ಮಾತ್ರ ಮುಟ್ಟಬೇಡಿ, ತಿರುಗಲ್ಲ.

ಬಿಎಸ್‌ಎಫ್_ಸ್ಪ್ಯಾನರ್

ಪ್ಲಸ್ ಮೈನಸ್ ವಿಚಾರಕ್ಕೆ: ಬ್ಯಾಟರಿ ಕ್ಲಾಂಪಿನ ತೂತು ಅಳೆಯಿರಿ. ಪ್ಲಸ್ ಕಂಬ ಮೈನಸ್ಸಿಗಿಂತ ದಪ್ಪ, ಮೇಲ್ತುದಿಯಲ್ಲಿ ಸುಮಾರು 17.5 ಮಿ.ಮೀ., ಮೈನಸ್ 16ರ ಹತ್ತಿರ. ಗಾಡಿಯ ಮೈಗೆ ಬೋಲ್ಟ್ ಆದ ಕೇಬಲ್ಲಿನ ಕ್ಲಾಂಪ್ ದೊಡ್ಡದಿದ್ದರೆ ಪಾಸಿಟಿವ್ ಅರ್ಥ್. ಇದರ ಮೂಲ ಗಾಡಿ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಪಾಸಿಟಿವ್ ಅರ್ಥೇ. ಆದರೆ ಮಧ್ಯದಲ್ಲಿ ಯಾರು ಬೇಕಾದರೂ ತಿರುಗಿಸಿರಬಹುದು. ಯಾವುದನ್ನಾದರೂ ಒಂದನ್ನು ಆರಿಸಿಕೊಂಡು ಬ್ಯಾಟರಿ ಪಕ್ಕ ಪೇಂಟಲ್ಲಿ ಬರೆದಿಡಿ.

ಕಾಯಿಲ್: ಮೀಟರ್ ತಗೊಂಡು ಹೋಗಿ ಎರಡು ಸಣ್ಣ ಟರ್ಮಿನಲ್ ಮಧ್ಯೆ ಅಳೆದು ತನ್ನಿ. ಸುಮಾರು 3 ಓಮ್ ಬರಬೇಕು. 1.5 ಓಮ್ ಬಂದರೆ ಅದು ಬ್ಯಾಲಾಸ್ಟ್ (ಕಾಯಿಲ್ ಕರೆಂಟ್ ತಗ್ಗಿಸುವ ರೆಸಿಸ್ಟರ್) ಇರುವ ಗಾಡಿಯದು, ಇದಕ್ಕೆ ಹಾಕಿದರೆ ಪಾಯಿಂಟ್ ಬೇಗ ಸುಡುತ್ತೆ, ಕಾಯಿಲೂ ಕೈ ಇಡಲಾರದಷ್ಟು ಕಾಯುತ್ತೆ. ಪಾಸಿಟಿವ್ ಅರ್ಥ್ ಆದರೆ ಪ್ಲಸ್ ಗುರುತಿನ ಟರ್ಮಿನಲ್ ಡಿಸ್ಟ್ರಿಬ್ಯೂಟರಿಗೆ, ನೆಗೆಟಿವ್ ಆದರೆ ಮೈನಸ್ ಡಿಸ್ಟ್ರಿಬ್ಯೂಟರಿಗೆ. ತಿರುಗುಮುರುಗಾದರೂ ಎಂಜಿನ್ ಓಡುತ್ತೆ, ಅದಕ್ಕೇ ಯಾರೂ ಗಮನಿಸಲ್ಲ. ಚಳಿಯಲ್ಲಿ ಸ್ಟಾರ್ಟಿಂಗ್ ಕಷ್ಟ, ಲೋಡಲ್ಲಿ ಮಿಸ್ ಹೊಡೆಯುತ್ತೆ.

ಪಾಯಿಂಟ್ ಜೋಡಿಸುವಾಗ ಹತ್ತರಲ್ಲಿ ಐದು ಜನ ಎಡವುತ್ತಾರೆ. ಪಾಯಿಂಟ್ ಕೂರುವ ತಟ್ಟೆಯ ಮೇಲೊಂದು ಸಣ್ಣ ಕಂಬ ಇದೆ. ಮೊದಲು ಅದಕ್ಕೆ ಫೈಬರ್ ವಾಷರ್, ಅದರ ಮೇಲೆ ಸ್ಪ್ರಿಂಗಿನ ಕಣ್ಣು. ಇನ್ನು ಟೋಪಿ ಆಕಾರದ ಪ್ಲಾಸ್ಟಿಕ್ ಬುಷ್ ಕೈಗೆ ತಗೊಂಡು, ಕಂಡೆನ್ಸರ್ ವೈರಿನ ಟ್ಯಾಗ್ ಮತ್ತು ಕಾಯಿಲ್‌ನಿಂದ ಬರುವ ವೈರಿನ ಟ್ಯಾಗ್ ಎರಡನ್ನೂ ಬುಷ್ಷಿನ ಕೊಳವೆಗೆ ಪೋಣಿಸಿ, ಆ ಕೊಳವೆ ಸ್ಪ್ರಿಂಗಿನ ಕಣ್ಣೊಳಗೆ ಇಳಿಯುವಂತೆ ಕಂಬದ ಮೇಲೆ ಕೂರಿಸಿ. ನಟ್ ಎಲ್ಲಕ್ಕಿಂತ ಮೇಲೆ. ಅಂದರೆ ಟ್ಯಾಗ್ ಎರಡೂ ಸ್ಪ್ರಿಂಗನ್ನು ಮುಟ್ಟಬೇಕು, ಕಂಬವನ್ನಾಗಲಿ ನಟ್ಟನ್ನಾಗಲಿ ಮುಟ್ಟಬಾರದು. ಟ್ಯಾಗನ್ನು ಟೋಪಿಯ ಮೇಲಿಟ್ಟು ನಟ್ ಬಿಗಿದರೆ ಕಾಯಿಲ್ ಸದಾ ಅರ್ಥ್ ಆಗಿರುತ್ತೆ, ಕಿಡಿಯೇ ಬರಲ್ಲ. ಪಾಯಿಂಟ್ ಮಧ್ಯೆ ಕಾಗದ ಇಟ್ಟು ಆ ವೈರಿಗೂ ಡಿಸ್ಟ್ರಿಬ್ಯೂಟರ್ ಮೈಗೂ ಬೀಪ್ ನೋಡಿ, ಶಬ್ದ ಬಂದರೆ ತಪ್ಪಾಗಿದೆ. ತಟ್ಟೆಯಿಂದ ಮೈಗೆ ಹೋಗುವ ಹೆಣೆದ ಸಣ್ಣ ಅರ್ಥ್ ವೈರ್ ಇದೆಯಾ ಅಂತಲೂ ನೋಡಿಬಿಡಿ. ಪಾಯಿಂಟ್ ಗ್ಯಾಪ್ 0.015 ಇಂಚು, ಪ್ಲಗ್ 0.025 ಇಂಚು, ಸಿಲಿಂಡರ್ ಫೈರಿಂಗ್ ಕ್ರಮ 1-3-4-2, ರೋಟರ್ ತಿರುಗೋದು ಗಡಿಯಾರಕ್ಕೆ ವಿರುದ್ಧ.

ಎಸ್‌ಯು ಡ್ಯಾಂಪರಲ್ಲಿ ಎರಡು ಜಾತಿ, ಮುಚ್ಚಳದಲ್ಲಿ ಗಾಳಿ ತೂತು ಇರೋದು, ಇಲ್ಲದ್ದು. ಕಾರ್ಬ್ಯುರೇಟರಿನ ಮೇಲ್ಕೊಡದ ಒಳಗೇ ತೂತು ಕೊರೆದಿದ್ದರೆ ತೂತಿಲ್ಲದ ಮುಚ್ಚಳ, ಕೊರೆದಿಲ್ಲದಿದ್ದರೆ ತೂತಿರೋದು. ಎರಡೂ ಕಡೆ ತೂತಿಲ್ಲ ಅಂದರೆ ಪಿಸ್ಟನ್ ಸಲೀಸಾಗಿ ಏರಿಳಿಯಲ್ಲ. ಎಣ್ಣೆ 20 ಗ್ರೇಡ್, ಮುಚ್ಚಳದಲ್ಲಿ ತೂತಿದ್ದರೆ ಟೊಳ್ಳು ಕಡ್ಡಿಯ ತುದಿಗಿಂತ ಅರ್ಧ ಇಂಚು ಮೇಲೆ, ತೂತಿಲ್ಲದಿದ್ದರೆ ಅರ್ಧ ಇಂಚು ಕೆಳಗೆ. ವ್ಯಾಕ್ಯೂಮ್ ಪೈಪ್ ಸಿಗೋವರೆಗೆ ಕಾರ್ಬ್ಯುರೇಟರ್ ಕಡೆಯ ತೂತು ಮುಚ್ಚಿಡಿ. ಏರ್ ಕ್ಲೀನರ್ ತರುವಾಗ ರಾಕರ್ ಕವರಿನ ಉಸಿರು ಪೈಪ್ ಸೇರುವ ಮೂತಿ ಇರೋದನ್ನೇ ತನ್ನಿ.

ಬೋಲ್ಟ್ ಬಗ್ಗೆ ಒಂದು ಬೇಡಿಕೆ: ಮೆಟ್ರಿಕ್ ತುರುಕಬೇಡಿ. ಎಂಜಿನ್ ಮೇಲಿನ ಸಣ್ಣ ಬೋಲ್ಟ್‌ಗಳು ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಎಳೆ). ಕಾಲಿಂಚಿನದು 6.35 ಮಿ.ಮೀ., ಇಂಚಿಗೆ 28 ಎಳೆ, 7/16 ಸ್ಪ್ಯಾನರ್. ಅಲ್ಲಿ 6 ಎಂಎಂ ಬೋಲ್ಟ್ ಸಡಿಲವಾಗಿ ಒಳಗೆ ಹೋಗುತ್ತೆ, ಬಿಗಿ ಮಾಡಿದಾಗ ಎಳೆ ಕಿತ್ತುಕೊಂಡು ಬರುತ್ತೆ. ಲೂಕಾಸ್ ಎಲೆಕ್ಟ್ರಿಕ್ ಸಾಮಾನಿನ ಸ್ಕ್ರೂ ಬಿಎ ಅನ್ನೋ ಹಳೇ ಬ್ರಿಟಿಷ್ ಎಳೆ. 2 ಬಿಎ 4.7 ಮಿ.ಮೀ., ಅದಕ್ಕೆ 5 ಎಂಎಂ ತುರುಕಿದರೆ ಟರ್ಮಿನಲ್ ಕಂಬವೇ ಹಾಳು. ಗುಜರಿಯಲ್ಲಿ ಹಳೇ ರೆಗ್ಯುಲೇಟರ್ ಒಂದು ಸಿಕ್ಕರೆ ಕೆಟ್ಟಿದ್ದರೂ ತನ್ನಿ. ಮುಚ್ಚಳ, ಸ್ಕ್ರೂ, ವಾಷರ್ ಎಲ್ಲ ಅದರಲ್ಲೇ ಸಿಗುತ್ತೆ.

ನಾಲ್ಕನೇಗೇರ್

ಇಷ್ಟೆಲ್ಲ ಯಾಕೆ ಗುರೂ? ಡೈನಮೋ ಕಿತ್ತು ಮಾರುತಿ ಆಲ್ಟರ್ನೇಟರ್ ಹಾಕಿ, ರೆಗ್ಯುಲೇಟರ್ ಡಬ್ಬಿ ಶೋಗೆ ಇರಲಿ. ಡಿ, ಎ, ಎ1 ಮೂರೂ ವೈರ್ ಒಂದೇ ಬೋಲ್ಟಿಗೆ ಸೇರಿಸಿ, ಎಫ್ ತುದಿಗೆ ಟೇಪ್ ಸುತ್ತಿದರೆ ಆಯ್ತು.

ಕಾರ್ಬನ್_ಬ್ರಷ್

ಅರ್ಧ ಹೇಳಿದಿರಿ, ಪೂರ್ತಿ ಮಾಡ್ತೀನಿ. ಆಲ್ಟರ್ನೇಟರ್ ಹಾಕಬೇಕಂದರೆ ಗಾಡಿ ನೆಗೆಟಿವ್ ಅರ್ಥ್ ಆಗಿರಲೇಬೇಕು, ಇಲ್ಲದಿದ್ದರೆ ಬ್ಯಾಟರಿ ಸೇರಿಸಿದ ಕ್ಷಣದಲ್ಲೇ ಡಯೋಡ್ ಹೋಗುತ್ತೆ. ವಾರ್ನಿಂಗ್ ಲೈಟಿನ ವೈರ್ ಡಿಯಿಂದ ಬೇರೆ ಮಾಡಿ ಆಲ್ಟರ್ನೇಟರಿನ ಎಲ್ (ಲ್ಯಾಂಪ್) ಟರ್ಮಿನಲ್ಲಿಗೆ ಕೊಡಬೇಕು, ಡಿ ಜೊತೆಗೇ ಬಿಟ್ಟರೆ ಎಚ್ಚರಿಕೆ ದೀಪ ಕೆಲಸಕ್ಕೆ ಬರಲ್ಲ. ಚಾರ್ಜಿಂಗ್ ವೈರ್ 6 ಸ್ಕ್ವೇರ್ ಎಂಎಂ ಹೊಸದು ಎಳೆಯಬೇಕು, ಆಂಪ್‌ಮೀಟರ್ 30 ಆಂಪಿನದಿದ್ದರೆ ಅದನ್ನೂ ನೋಡಿಕೊಳ್ಳಬೇಕು. ಒಟ್ಟಲ್ಲಿ ಕೆಲಸ ಉಳಿಯಲ್ಲ. 100/90 ವಾಟ್ ಬಲ್ಬ್, ಎಸಿ ಬೇಕೆನ್ನುವವರಿಗೆ ಸರಿ. ಸಿ40 ಡೈನಮೋ ಕೊಡೋದು 22 ಆಂಪ್. ಎರಡು 60 ವಾಟ್ ಬಲ್ಬಿಗೆ 10, ಇಗ್ನಿಷನ್ನಿಗೆ 3-4, ಪಾರ್ಕಿಂಗ್ ಮತ್ತು ವೈಪರಿಗೆ ಐದಾರು. ಸಾಕಾಗುತ್ತೆ.

ಹೆಡ್‌ಲೈಟಿಗೆ ರಿಲೇ ಹಾಕುವುದಾದರೆ ರಿಲೇಯ 30 ನಂಬರ್ ಟರ್ಮಿನಲ್ಲಿಗೆ ಬರುವ ಕರೆಂಟನ್ನು ಎ1ರಿಂದ ತಗೊಳ್ಳಿ, ಮಧ್ಯೆ ಫ್ಯೂಸ್ ಇರಲಿ. ಬ್ಯಾಟರಿ ಕಂಬದಿಂದ ನೇರ ತಗೊಂಡರೆ ಲೈಟಿಗೆ ಹೋಗೋ ಕರೆಂಟನ್ನೂ ಆಂಪ್‌ಮೀಟರ್ ಚಾರ್ಜ್ ಅಂತಲೇ ತೋರಿಸುತ್ತೆ.

ಡೈನಮೋ ಪರೀಕ್ಷೆ ಹೀಗೆ. ಡಿ, ಎಫ್ ಎರಡೂ ವೈರ್ ಡೈನಮೋದಿಂದ ಬಿಚ್ಚಿ, ಆ ಎರಡು ಟರ್ಮಿನಲ್ಲನ್ನೇ ಒಂದು ತುಂಡು ವೈರಿನಿಂದ ಸೇರಿಸಿ. ಅಲ್ಲಿಗೂ ಡೈನಮೋ ಮೈಗೂ ವೋಲ್ಟ್‌ಮೀಟರ್. ಸ್ಟಾರ್ಟ್ ಮಾಡಿ ನಿಧಾನ ಆಕ್ಸಿಲರೇಟರ್ ಕೊಡಿ. ವೋಲ್ಟೇಜ್ ಒಂದೇ ಸಮನೆ ಏರಬೇಕು, 20 ದಾಟಿಸಬೇಡಿ. ಅರ್ಧದಿಂದ ಒಂದು ವೋಲ್ಟಲ್ಲೇ ನಿಂತರೆ ಫೀಲ್ಡ್ ದೋಷ. 4-5ಕ್ಕೆ ನಿಂತರೆ ಆರ್ಮೇಚರ್. ಏನೂ ಬರದಿದ್ದರೆ ಮೊದಲು ಬ್ರಷ್ ನೋಡಿ. ಏರುತ್ತಿದೆ ಆದರೆ ಉಲ್ಟಾ ಏರುತ್ತಿದೆ ಅಂದರೆ ಡೈನಮೋದ ಕಾಂತಶಕ್ತಿ ಇನ್ನೊಂದು ಬಗೆಯ ಅರ್ಥಿಗೆ ಹೊಂದಿಕೊಂಡಿದೆ (ಪೋಲರೈಸ್ ಆಗಿದೆ) ಅಂತ.

ಹಾಸನ_ಮಾರ್ಕ್2

ಎಲ್ಲರಿಗೂ ಧನ್ಯವಾದ. ಇ, ಎ1 ಸರಿ ಮಾಡಿದೆ. ಬಲ್ಬ್ ಪರೀಕ್ಷೆ ಪಾಸ್. 3.1 ಓಮ್ ಕಾಯಿಲ್ ಸಿಕ್ಕಿತು. ಪಾಸಿಟಿವ್ ಅರ್ಥ್ ಅಂತ ಖಚಿತವಾಯ್ತು, ಹಾಗೇ ಉಳಿಸಿಕೊಂಡಿದ್ದೀನಿ. ಎಂಜಿನ್ ಸ್ಟಾರ್ಟ್ ಆಯ್ತು. ಎರಡು ತೊಂದರೆ: ಸ್ಟಾರ್ಟರ್ ಬಹಳ ನಿಧಾನ ತಿರುಗುತ್ತೆ, ಆಗ ಚೋಕ್ ಕೇಬಲ್ ಬಿಸಿಯಾಗುತ್ತೆ. ಡೈನಮೋ ಪರೀಕ್ಷೆಯಲ್ಲಿ 0.8 ವೋಲ್ಟ್, ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಅಷ್ಟೇ.

ತಾಮ್ರತಂತಿ

ಚೋಕ್ ಕೇಬಲ್ ಬಿಸಿ ಅಂದರೆ ಎಂಜಿನ್ ಅರ್ಥ್ ಪಟ್ಟಿ ಇಲ್ಲ. ಎಂಜಿನ್ ಕೂತಿರೋದು ರಬ್ಬರ್ ಮೇಲೆ, ಸ್ಟಾರ್ಟರಿನ ನೂರು ಆಂಪಿಗೂ ಮಿಕ್ಕ ಕರೆಂಟ್ ವಾಪಸ್ ಹೋಗಲು ದಾರಿ ಇಲ್ಲದೆ ಚೋಕ್, ಆಕ್ಸಿಲರೇಟರ್ ಕೇಬಲ್ ಹಿಡಿಯುತ್ತೆ. ಇನ್ನೊಮ್ಮೆ ಸ್ಟಾರ್ಟರ್ ಒತ್ತಬೇಡಿ, ಕೇಬಲ್ ಒಳಗೇ ಬೆಸೆದುಕೊಳ್ಳುತ್ತೆ. ಚಪ್ಪಟೆ ಹೆಣೆದ ತಾಮ್ರದ ಪಟ್ಟಿ ತಂದು, ಎರಡೂ ಕಡೆ ಪೇಂಟ್ ಕೆರೆದು ಹೊಳೆಯುವ ಲೋಹಕ್ಕೆ ಬೋಲ್ಟ್ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಸ್ವಲ್ಪ ಸಡಿಲ ಬಿಡಿ, ಎಂಜಿನ್ ಅಲುಗಾಡಬೇಕಲ್ಲ. ಆಮೇಲೆ ಸ್ಟಾರ್ಟರ್ ತಿರುಗುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿಯ ಅರ್ಥ್ ಕಂಬಕ್ಕೂ ಅಳೆಯಿರಿ: 0.5 ವೋಲ್ಟ್ ಒಳಗಿರಬೇಕು, 0.2 ಇದ್ದರೆ ಸೊಗಸು. ಕಂಬಕ್ಕೇ ಮೀಟರ್ ಹಿಡಿಯಿರಿ, ಕ್ಲಾಂಪಿಗೆ ಹಿಡಿದರೆ ಕ್ಲಾಂಪಿನ ದೋಷ ತಪ್ಪಿಸಿಕೊಳ್ಳುತ್ತೆ.

ಕಾರ್ಬನ್_ಬ್ರಷ್

0.8 ಅಂದರೆ ಕಬ್ಬಿಣದಲ್ಲಿ ಉಳಿದ ಕಾಂತಶಕ್ತಿಯದು ಮಾತ್ರ, ಫೀಲ್ಡ್ ಕೆಲಸ ಮಾಡ್ತಿಲ್ಲ. ಎಫ್ ಟರ್ಮಿನಲ್ಲಿಗೂ ಮೈಗೂ ಓಮ್ ಅಳೆಯಿರಿ. ಸುಮಾರು 6 ಬರಬೇಕು. ಏನೂ ತೋರಿಸದಿದ್ದರೆ ಒಳಗೆ ಎಲ್ಲೋ ಕಡಿದಿದೆ, ಸಾಮಾನ್ಯವಾಗಿ ಎಫ್ ಟರ್ಮಿನಲ್ಲಿನ ಒಳಬದಿ ಬೆಸುಗೆ, ಇಲ್ಲವೇ ಕಾಯಿಲಿನ ಇನ್ನೊಂದು ತುದಿಯನ್ನು ಮೈಗೆ ಹಿಡಿದ ರಿವೆಟ್. ಕಾಯಿಲ್ ಪೂರ್ತಿ ಸುತ್ತಿಸೋ ಮುಂಚೆ ಈ ಎರಡು ಜಾಗ ನೋಡಿ.

ಸರಿಯಾದ ಮೇಲೆ ಪೋಲರೈಸ್ ಮಾಡಿ. ಎಂಜಿನ್ ಆಫ್, ಎಫ್ ವೈರ್ ಡೈನಮೋದಿಂದ ಬಿಚ್ಚಿರಬೇಕು. ಬ್ಯಾಟರಿಯ ಲೈವ್ ಕಂಬದಿಂದ ಒಂದು ವೈರ್ ತಂದು ಡೈನಮೋದ ಎಫ್ ಟರ್ಮಿನಲ್ಲಿಗೆ ಎರಡು ಮೂರು ಸಲ ಟಕ್ ಟಕ್ ಅಂತ ಮುಟ್ಟಿಸಿ ತೆಗೆಯಿರಿ. ಸಣ್ಣ ಕಿಡಿ ಬರುತ್ತೆ. ಎಫ್ ವೈರ್ ರೆಗ್ಯುಲೇಟರಿಗೆ ಸೇರಿಕೊಂಡಿರುವಾಗ ಇದನ್ನು ಮಾಡಿದರೆ ಅದರ ಕಾಂಟ್ಯಾಕ್ಟ್ ಸುಡುತ್ತೆ.

ಹಾಸನ_ಮಾರ್ಕ್2

ಎಫ್ ಟರ್ಮಿನಲ್ ಒಳಬದಿ ಬೆಸುಗೆಯೇ ಬಿಟ್ಟಿತ್ತು. ಈಗ 6.1 ಓಮ್. ಪೋಲರೈಸ್ ಮಾಡಿದೆ, ಕೆಂಪು ಲೈಟ್ ಆರುತ್ತೆ. ಅರ್ಥ್ ಪಟ್ಟಿ ಹಾಕಿದ ಮೇಲೆ ಸ್ಟಾರ್ಟರ್ ಡ್ರಾಪ್ 0.2. ಆದರೆ ಕಟೌಟ್ ಕಾಂಟ್ಯಾಕ್ಟ್ ಮಧ್ಯೆ ಕಾಗದ ಇಟ್ಟು ಡಿ ಮತ್ತು ಇ ಮಧ್ಯೆ ಅಳೆದರೆ 17.4 ವೋಲ್ಟ್ ಬರ್ತಿದೆ.

ಕಾರ್ಬನ್_ಬ್ರಷ್

ಜಾಸ್ತಿಯಾಯ್ತು. ಬ್ಯಾಟರಿ ಸೇರದ ಸ್ಥಿತಿಯಲ್ಲಿ 16ರ ಆಸುಪಾಸು ಇರಬೇಕು. ಮೊದಲು ಇ ವೈರಿನ ಎರಡೂ ತುದಿ ಇನ್ನೊಮ್ಮೆ ಕೆರೆದು ಬಿಗಿ ಮಾಡಿ. ಹಾಗೂ ಇಳಿಯದಿದ್ದರೆ ವೋಲ್ಟೇಜ್ ರೆಗ್ಯುಲೇಟರ್ ಕಾಯಿಲಿನ ಹಿಂದಿನ ಸ್ಕ್ರೂವಿನ ಲಾಕ್ ನಟ್ ಸಡಿಲಿಸಿ, ಸ್ಕ್ರೂ ಗಡಿಯಾರಕ್ಕೆ ವಿರುದ್ಧವಾಗಿ ಒಂದಿಷ್ಟೇ ತಿರುಗಿಸಿ, ಮತ್ತೆ ಅಳೆಯಿರಿ. ಒಂದು ಸಲದ ಕೆಲಸ 30 ಸೆಕೆಂಡಲ್ಲಿ ಮುಗಿಯಬೇಕು. ಕಾಯಿಲ್ ಕಾದರೆ ಅಂಕಿ ತಪ್ಪಾಗುತ್ತೆ, ಎಂಜಿನ್ ಆಫ್ ಮಾಡಿ ಆರಲು ಬಿಟ್ಟು ಮತ್ತೆ ಶುರು ಮಾಡಿ. ಕಟೌಟ್ ಮುಚ್ಚೋದು 12.7ರಿಂದ 13.3ರ ಒಳಗೆ ಇದ್ದರೆ ಆ ಇನ್ನೊಂದು ಸ್ಕ್ರೂ ಮುಟ್ಟಲೇಬೇಡಿ. ಕಾಗದ ತೆಗೆಯೋದು ಮರೀಬೇಡಿ.